ಒಲವು, ಒಲ್ಲೆ

ಜೂನ್ ಕೊನೆಯ ಭಾನುವಾರ ಮುಂಬೈಯ ಮುಲುಂಡಿನಲ್ಲಿ ನಮ್ಮ ಓದುಗರ ಬಳಗದ ಮುಂದೆ ಆಡಿದ ಮಾತುಗಳಿವು. ಅವತ್ತು ಮಳೆ ಜೋರಾಗಿತ್ತು, ಲೋಕಲ್‌ಗಳು ನಿಂತು ನಿಂತು ಹೋಗುತ್ತಿದ್ದವು, ಬರಬೇಕಾದ ಅರ್ಧ ಜನಕ್ಕೆ ಬರಲಾಗಲಿಲ್ಲ. ಅವರಿಗಾಗಿ ಬರೆದುಕೊಡಿ ಎಂದು ಗೆಳತಿಯರು ಕೇಳಿದರು. ಆಡಿದ ಹಾಗೇ ಬರೆದಿದ್ದೇನೆ. ಕೊನೆಯ ಭಾಗ ಮಾತ್ರ ಸಭೆಯಲ್ಲಿ ಹೇಳಿದ್ದಲ್ಲ, ಆ ರಾತ್ರಿ ಮನೆಯಲ್ಲಿ ನಡೆದದ್ದು.

ಎಲ್ಲರಿಗೂ ನಮಸ್ಕಾರ. ಪ್ರೀತಿ ಇದ್ದೂ ಬಾಯಿ ಬಿಡದವರ ಸಣ್ಣಕತೆಗಳ ಬಗ್ಗೆ ಇವತ್ತು ಮಾತಾಡುತ್ತೇನೆ. ಇದಕ್ಕೆ ಕಾರಣ ನನಗೆ ಒಬ್ಬರು ಕೇಳಿದ ಒಂದು ಪ್ರಶ್ನೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಆರು ವರ್ಷದ ಹಿಂದೆ ನಾನೊಂದು ಕತೆ ಬರೆದಿದ್ದೆ. ಡೊಂಬಿವಲಿಯ ಒಂದು ಬಿಲ್ಡಿಂಗ್. ಮೂರನೇ ಮಹಡಿಯಲ್ಲಿ ಮದುವೆಯಾಗದ ಒಬ್ಬ ಬ್ಯಾಂಕ್ ಗುಮಾಸ್ತ. ಎದುರು ಮನೆಯಲ್ಲಿ ಗಂಡ ತೀರಿಕೊಂಡ ಒಬ್ಬ ಹೆಂಗಸು, ಅವಳ ಮಗ. 12 ವರ್ಷ ಅವನು ಅವಳ ಲೈಟ್ ಬಿಲ್ ಕಟ್ಟಿ ಬರುತ್ತಾನೆ, ಹುಡುಗನಿಗೆ ಗಣಿತ ಹೇಳಿಕೊಡುತ್ತಾನೆ, ನೀರು ಬರದ ದಿನ ಎಲ್ಲಿಂದಲೋ ಬಕೆಟ್ ತುಂಬಿಸಿ ತಂದು ಅವಳ ಬಾಗಿಲ ಮುಂದೆ ಇಟ್ಟು ಬೆಲ್ ಒತ್ತಿ ಹೋಗಿಬಿಡುತ್ತಾನೆ. ಮನಸ್ಸಿನಲ್ಲಿದ್ದದ್ದನ್ನು ಒಂದು ದಿನವೂ ಹೇಳುವುದಿಲ್ಲ. ಕೊನೆಗೆ ಮಗನಿಗೆ ಪುಣೆಯಲ್ಲಿ ಕೆಲಸ ಸಿಗುತ್ತದೆ, ಅವರು ಮನೆ ಖಾಲಿ ಮಾಡುತ್ತಾರೆ. ಸಾಮಾನಿನ ಟೆಂಪೊ ಗೇಟು ದಾಟುತ್ತದೆ. ಅವನು ಗ್ಯಾಲರಿಯಲ್ಲಿ ನಿಂತು ನೋಡುತ್ತಾನೆ. ಅಲ್ಲಿಗೆ ಕತೆ ಮುಗಿಯುತ್ತದೆ.

ಓದಿದವರೆಲ್ಲ ಮೆಚ್ಚಿದರು. ಎಂಥ ಸಂಯಮ ಅಂದರು. ನನಗೂ ಖುಷಿಯಾಗಿತ್ತು. ಆಮೇಲೆ ನಮ್ಮ ಬಳಗದ ಒಬ್ಬ ಹಿರಿಯರು, ಮಾಟುಂಗಾದಲ್ಲೇ ಹುಟ್ಟಿ ಬೆಳೆದವರು, ಎಂಬತ್ತರ ಹತ್ತಿರದ ವಯಸ್ಸು, ಕತೆ ಓದಿ ಹಾಳೆ ಮಡಚಿ ನನ್ನ ಕೈಗೆ ಕೊಡುತ್ತಾ ಕೇಳಿದರು: "ಚೆನ್ನಾಗಿದೆಯಮ್ಮಾ. ಆದರೆ ಆ ಹೆಂಗಸು ಟೆಂಪೊದಲ್ಲಿ ಕೂತು ಏನು ಯೋಚನೆ ಮಾಡ್ತಾ ಇದ್ದಳು?"

ನನ್ನ ಹತ್ತಿರ ಉತ್ತರ ಇರಲಿಲ್ಲ. 12 ವರ್ಷ ನಡೆಯುವ ಕತೆ, ಅದರಲ್ಲಿ ನಾನು ಒಂದು ಸಲವೂ ಅವಳ ಮನೆಯೊಳಗೆ ಹೋಗಿರಲಿಲ್ಲ. ಬಕೆಟ್ ಇಟ್ಟು, ಬೆಲ್ ಒತ್ತಿ, ಅವನ ಜೊತೆಗೇ ವಾಪಸ್ ಬಂದುಬಿಟ್ಟಿದ್ದೆ. ಅವಳಿಗೆ ಗೊತ್ತಿತ್ತಾ? ಕಾಯುತ್ತಿದ್ದಳಾ? ಅಥವಾ ಈ ಬಕೆಟ್ ಯಾಕೆ ಇಡ್ತಾನೆ ಇವನು ಅಂತ ಕಿರಿಕಿರಿಯಾಗುತ್ತಿತ್ತಾ? ಕತೆ ಬರೆದ ನನಗೇ ಗೊತ್ತಿಲ್ಲ. ಆ ಪ್ರಶ್ನೆ ಇಟ್ಟುಕೊಂಡು ನಾನು ಹಳೆಯ ಕತೆಗಳನ್ನೆಲ್ಲ ಮತ್ತೆ ಓದಲು ಕೂತೆ.

ಅದಕ್ಕೂ ಮೊದಲು ನಮ್ಮ ಭಾಷೆಯ ಒಂದು ಮಾತು. ಒಲವು ಅಂದರೆ ಪ್ರೀತಿ. ಒಲ್ಲೆ ಅಂದರೆ ಬೇಡ, ಮನಸ್ಸಿಲ್ಲ. ಎರಡೂ 'ಒಲ್' ಅನ್ನುವ ಒಂದೇ ಬೇರಿನಿಂದ ಬಂದವು. ಧಾರವಾಡದ ಕಡೆಯವರು ದಿನಕ್ಕೆ ಹತ್ತು ಸಲ ಒಲ್ಲೆ ಅನ್ನುತ್ತಾರೆ, ಚಹಾ ಒಲ್ಲೆ, ಊಟ ಒಲ್ಲೆ ಅಂತ, ಆ ಪದದ ಹೊಟ್ಟೆಯೊಳಗೆ ಪ್ರೀತಿ ಕೂತಿದೆ ಅಂತ ಯಾರಿಗೂ ಹೊಳೆಯುವುದಿಲ್ಲ. ನನಗೂ ಹೊಳೆದದ್ದು ಈಚೆಗೆ. ಆಮೇಲೆ ಗಮನಿಸಿದರೆ, ಬಾಯಿ ಬಿಡದೆ ಇರುವುದಕ್ಕೆ ನಮ್ಮಲ್ಲಿ ಎಷ್ಟೊಂದು ಪದಗಳಿವೆ! ಸಂಕೋಚ ಇರುವವರು ಎದುರಿಗಿರುವವರನ್ನು ಕಂಡು ಮುದುಡಿಕೊಳ್ಳುತ್ತಾರೆ. ಬಿಗುಮಾನದವರು ನಾನೇ ಯಾಕೆ ಮೊದಲು ಮಾತಾಡಬೇಕು ಅಂತ ಕಾಯುತ್ತಾರೆ. ಹಿಂಜರಿಯುವವರು ಒಂದು ಹೆಜ್ಜೆ ಮುಂದಿಟ್ಟು ಆಮೇಲೆ ಹಿಂದಕ್ಕೆ ಸರಿಯುತ್ತಾರೆ. ಹೊರಗಿನಿಂದ ಮೂವರೂ ಒಂದೇ ತರ ಸುಮ್ಮನಿರುತ್ತಾರೆ. ಒಳಗಿನ ಕಾರಣ ಬೇರೆ ಬೇರೆ. ಕತೆ ಬರೆಯುವವರಿಗೆ ಇದು ಗೊತ್ತಿರಬೇಕು, ಅಲ್ವಾ?

ನನ್ನ ಗುಮಾಸ್ತನದು ಸಂಕೋಚ ಅಂತಲೇ ನಾನು ತಿಳಿದಿದ್ದೆ. ಈಗ ಹಾಗನ್ನಿಸುವುದಿಲ್ಲ. ಬಕೆಟ್ ತುಂಬಿಸಿ ಇಡುವವನ ಕೈ ಯಾವಾಗಲೂ ಮೇಲೆ. ಅವನು ಕೊಡುವವನು. ನನಗೆ ನೀನು ಬೇಕು ಅಂತ ಬಾಯಿಬಿಟ್ಟರೆ ಕೇಳುವವನಾಗುತ್ತಾನೆ, ಕೈ ಕೆಳಗೆ ಬರುತ್ತದೆ. ಅದನ್ನು ಅವನು ಒಲ್ಲ. ಇದು ಬಿಗುಮಾನವೇ. ಒಳ್ಳೆಯತನದ ಬಟ್ಟೆ ಹಾಕಿಕೊಂಡಿತ್ತು, ಹಾಗಾಗಿ ನಾನು ಗುರುತಿಸಲಿಲ್ಲ.

ಸರಿ, ರಷ್ಯದ ಕತೆಗಾರ ಚೆಕೊವ್‌ಗೆ ಬರುತ್ತೇನೆ. 1898ರಲ್ಲಿ ಅವರು ಬರೆದ ಒಂದು ಪುಟ್ಟ ಕತೆ, ಹೆಸರೇ 'ಪ್ರೀತಿಯ ಬಗ್ಗೆ'. ಅಲ್ಯೋಹಿನ್ ಅನ್ನುವವನು ಓದಿದವನು, ಆದರೆ ಹಳ್ಳಿಯಲ್ಲಿ ಬೇಸಾಯಕ್ಕೆ ನಿಂತಿದ್ದಾನೆ. ಅಪ್ಪ ಮಾಡಿಟ್ಟ ಸಾಲ ತೀರಿಸಬೇಕು, ಆ ಸಾಲದಲ್ಲಿ ಒಂದು ಪಾಲು ಇವನ ಓದಿಗೇ ಖರ್ಚಾದದ್ದು. ಕೋರ್ಟಿನ ಕೆಲಸಕ್ಕೆ ಪಟ್ಟಣಕ್ಕೆ ಹೋದಾಗ ಲುಗಾನೊವಿಚ್ ಅನ್ನುವ ಅಧಿಕಾರಿ ಪರಿಚಯವಾಗಿ ಊಟಕ್ಕೆ ಕರೆಯುತ್ತಾನೆ. ಅವನ ಹೆಂಡತಿ ಅನ್ನಾ. 22 ದಾಟದ ವಯಸ್ಸು, ಆರು ತಿಂಗಳ ಹಿಂದಷ್ಟೇ ಮೊದಲ ಮಗು ಹುಟ್ಟಿದೆ. ಅಲ್ಯೋಹಿನ್‌ಗೂ ಅನ್ನಾಗೂ ಪ್ರೀತಿ ಹುಟ್ಟುತ್ತದೆ. ವರ್ಷಗಟ್ಟಲೆ ಇಬ್ಬರೂ ಅದರ ಮಾತೆತ್ತುವುದಿಲ್ಲ.

ಯಾಕೆ? ಅವನು ಲೆಕ್ಕ ಹಾಕುತ್ತಾನೆ. ಗಂಡ ಒಳ್ಳೆಯವನು, ನನ್ನನ್ನು ನಂಬಿದ್ದಾನೆ, ಕಷ್ಟಕ್ಕೆ ಸಾಲ ಕೊಡಲು ಮುಂದೆ ಬರುತ್ತಾನೆ. ಮಕ್ಕಳಿಗೆ ನಾನೆಂದರೆ ಇಷ್ಟ. ಕರೆದುಕೊಂಡು ಹೋಗುವುದಾದರೂ ಎಲ್ಲಿಗೆ? ನಾನೇನು ದೊಡ್ಡ ಹೋರಾಟಗಾರನೋ ಕಲಾವಿದನೋ ಆಗಿದ್ದರೆ ಬೇರೆ ಮಾತು, ಒಂದು ಸಾಮಾನ್ಯ ಬದುಕಿನಿಂದ ಇನ್ನೊಂದು ಸಾಮಾನ್ಯ ಬದುಕಿಗೆ ಎಳೆದು ತಂದಂತೆ ಆಗುತ್ತದೆ ಅಷ್ಟೇ. ನಾನು ಕಾಯಿಲೆ ಬಿದ್ದರೆ? ಸತ್ತರೆ? ಪ್ರೀತಿಯೇ ಕಡಿಮೆಯಾದರೆ? ಒಂದೊಂದು ಕಾರಣವೂ ನ್ಯಾಯವಾದದ್ದೇ. ಅವಳೂ ತನ್ನ ಮಟ್ಟಿಗೆ ಇಂಥದೇ ಲೆಕ್ಕ ಹಾಕಿಕೊಂಡಿರಬೇಕು ಅಂತ ಅವನು ಊಹಿಸುತ್ತಾನೆ. ಊಹಿಸುತ್ತಾನೆ ಅಷ್ಟೇ, ಕೇಳುವುದಿಲ್ಲ.

ಸಂಸಾರ ಒಡೆಯಬೇಕಿತ್ತು ಅಂತ ನಾನು ಹೇಳುತ್ತಿಲ್ಲ. ನಾನು ನೋಡುತ್ತಿರುವುದು ಇನ್ನೊಂದನ್ನು. ಇಬ್ಬರೂ ನಾಟಕಕ್ಕೆ ಹೋಗುತ್ತಾರೆ, ಭುಜಕ್ಕೆ ಭುಜ ತಾಗಿ ಕೂರುತ್ತಾರೆ, ಅವಳ ಕೈಯಿಂದ ಇವನು ದುರ್ಬೀನು ತೆಗೆದುಕೊಳ್ಳುತ್ತಾನೆ. ನಾಟಕ ಮುಗಿದು ಹೊರಗೆ ಬಂದರೆ ಅಪರಿಚಿತರ ಹಾಗೆ ಬೀಳ್ಕೊಳ್ಳುತ್ತಾರೆ. ಹೀಗೇ ವರ್ಷಗಳು. ಬರಬರುತ್ತಾ ಅವಳಿಗೆ ಇವನ ಮೇಲೆ ಸಿಡುಕು ಶುರುವಾಗುತ್ತದೆ. ಇವನ ಕೈಯಿಂದ ಏನಾದರೂ ಬಿದ್ದರೆ ಅಭಿನಂದನೆಗಳು ಅನ್ನುತ್ತಾಳೆ, ತಣ್ಣಗೆ. ದುರ್ಬೀನು ಮರೆತು ಬಂದರೆ, ಮರೀತೀರಿ ಅಂತ ನನಗೆ ಗೊತ್ತಿತ್ತು ಅನ್ನುತ್ತಾಳೆ. ಕೊನೆಕೊನೆಗೆ ನರಗಳ ದೌರ್ಬಲ್ಯ ಅಂತ ಔಷಧಿ ತೆಗೆದುಕೊಳ್ಳುವ ಹಾಗಾಗುತ್ತದೆ.

ಒಲ್ಲದ ಗಂಡನಿಗೆ ಮೊಸರಲ್ಲಿ ಕಲ್ಲು ಅಂತ ನಮ್ಮಲ್ಲಿ ಗಾದೆ ಇದೆ. ಇಲ್ಲಿ ನೋಡಿ, ಅವಳು ಒಲ್ಲದವಳಲ್ಲ, ಒಲಿದವಳು. ಆದರೂ ಕಲ್ಲು ಸಿಗುತ್ತಿದೆ. ಹೊರಗೆ ಬರಲಾಗದ ಪ್ರೀತಿಯೂ ಮೊಸರಿನಲ್ಲಿ ಕಲ್ಲು ಹುಡುಕುತ್ತದೆ. ಬಾಯಿ ಬಿಡದವನು ತಾನೊಬ್ಬನೇ ನೋವು ನುಂಗುತ್ತಿದ್ದೇನೆ ಅಂದುಕೊಂಡಿರುತ್ತಾನೆ, ಆದರೆ ಅದರ ಅರ್ಧ ಎದುರಿನವಳ ತಟ್ಟೆಗೆ ಬಿದ್ದಿರುತ್ತದೆ. ಚೆಕೊವ್ ಡಾಕ್ಟರ್ ಆಗಿದ್ದವರು. ಆ ಸಿಡುಕನ್ನು ಅವರು ಹೆಂಗಸಿನ ಸ್ವಭಾವ ಅಂತ ಬಿಡಲಿಲ್ಲ.

ಆಮೇಲೆ ರೈಲು. ಗಂಡನಿಗೆ ದೂರದ ಪ್ರಾಂತ್ಯಕ್ಕೆ ವರ್ಗವಾಗುತ್ತದೆ. ಅದಕ್ಕೆ ಮೊದಲು ಡಾಕ್ಟರ ಸಲಹೆಯಂತೆ ಅನ್ನಾ ಒಬ್ಬಳೇ ಕ್ರಿಮಿಯಾಕ್ಕೆ ಹೊರಡುತ್ತಾಳೆ. ಬೀಳ್ಕೊಡಲು ಜನವೋ ಜನ. ಗಂಡ ಮಕ್ಕಳಿಗೆ ಹೇಳಿ ಆಗಿದೆ, ರೈಲು ಹೊರಡುವ ಮೂರನೇ ಗಂಟೆ ಹೊಡೆಯಲು ಒಂದು ನಿಮಿಷ ಇದೆ, ಆಗ ಅವಳ ಒಂದು ಬುಟ್ಟಿ ಉಳಿದುಬಿಟ್ಟದ್ದನ್ನು ಇವನು ನೋಡುತ್ತಾನೆ. ಅದನ್ನು ಮೇಲಿನ ರ‍್ಯಾಕಿಗೆ ಇಡಲು ಡಬ್ಬಿಯೊಳಗೆ ಓಡುತ್ತಾನೆ. ಕಣ್ಣು ಕೂಡುತ್ತದೆ. ಅಷ್ಟೇ, ಇಬ್ಬರ ಬಿಗಿಯೂ ಸಡಿಲವಾಗುತ್ತದೆ. ತಬ್ಬಿಕೊಳ್ಳುತ್ತಾರೆ, ಅಳುತ್ತಾರೆ, ಅವನು ಹೇಳುತ್ತಾನೆ. ಹೇಳುತ್ತಿರುವಾಗಲೇ ಅವನಿಗೆ ಗೊತ್ತಾಗುತ್ತದೆ, ಇಷ್ಟು ವರ್ಷ ತಡೆದು ನಿಲ್ಲಿಸಿದ್ದೆಲ್ಲ ಎಷ್ಟು ಸಣ್ಣದಾಗಿತ್ತು ಅಂತ. ಅಷ್ಟರಲ್ಲಿ ರೈಲು ಹೊರಟಿದೆ. ಅವನು ಪಕ್ಕದ ಖಾಲಿ ಡಬ್ಬಿಗೆ ಹೋಗಿ ಮುಂದಿನ ಸ್ಟೇಷನ್ನಿನವರೆಗೆ ಅಳುತ್ತಾ ಕೂತಿರುತ್ತಾನೆ. ಅಲ್ಲಿ ಇಳಿದು ನಡೆದುಕೊಂಡು ಊರಿಗೆ ಹೋಗುತ್ತಾನೆ.

ಲೋಕಲ್ ರೈಲಿನಲ್ಲಿ ಮೂವತ್ತು ವರ್ಷ ಓಡಾಡಿದ ನನಗೆ ಈ ಬುಟ್ಟಿ ಮರೆಯಲು ಆಗುವುದಿಲ್ಲ. ಬಾಗಿಲಲ್ಲಿ ನಿಂತವರ ಬ್ಯಾಗನ್ನು ಕೈಯಿಂದ ಕೈಗೆ ದಾಟಿಸಿ ರ‍್ಯಾಕಿಗೆ ಇಡುವುದು ನಮಗೆ ದಿನದ ಕೆಲಸ. ಅಂಥ ಒಂದು ಕೆಲಸದ ನೆಪ ಸಿಗದೆ ಇದ್ದರೆ ಅಲ್ಯೋಹಿನ್ ಆ ಡಬ್ಬಿ ಹತ್ತುತ್ತಲೇ ಇರಲಿಲ್ಲ. ನೋಡಿ, ಅಲ್ಲಿಯೂ ಅವನು ಉಪಕಾರ ಮಾಡಲೆಂದೇ ಹೋದದ್ದು. ನನ್ನ ಗುಮಾಸ್ತನ ಬಕೆಟ್ ಹಾಗೆಯೇ.

ಇನ್ನೊಂದು ವಿಷಯ. ಈ ಕತೆಯನ್ನು ಅಲ್ಯೋಹಿನ್ ತಾನೇ ಹೇಳುತ್ತಿದ್ದಾನೆ. ಯಾರಿಗೆ? ಮಳೆಯಲ್ಲಿ ಸಿಕ್ಕಿಕೊಂಡು ಹಿಂದಿನ ದಿನ ಅವನ ಮನೆಗೆ ಬಂದ ಇಬ್ಬರಿಗೆ, ಊಟದ ಹೊತ್ತಿನಲ್ಲಿ. ಅವಳಿಗೆ ವರ್ಷಗಟ್ಟಲೆ ಹೇಳಲಾಗದ್ದನ್ನು ಇವರಿಗೆ ಒಂದೇ ಮಧ್ಯಾಹ್ನದಲ್ಲಿ ಹೇಳಿಬಿಟ್ಟ. ಇದು ನಮಗೆಲ್ಲ ಗೊತ್ತಿರುವುದೇ. ನಮ್ಮ 8:12ರ ಲೇಡೀಸ್ ಡಬ್ಬಿಯಲ್ಲಿ ನಾಲ್ಕನೇ ಸೀಟಿಗೆ ಒತ್ತಿಕೊಂಡು ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಾ ನಾವು ಏನೇನೆಲ್ಲ ಹೇಳಿಕೊಂಡಿದ್ದೇವೆ. ಘಾಟ್ಕೋಪರ್ ದಾಟುವಷ್ಟರಲ್ಲಿ ಒಬ್ಬಳು ಅತ್ತು ಮುಗಿಸಿ ಮುಖ ಒರೆಸಿಕೊಂಡಿರುತ್ತಿದ್ದಳು. ಅದೇ ಮಾತನ್ನು ಮನೆಯಲ್ಲಿ ಗಂಡನ ಹತ್ತಿರ ಹೇಳಿದ್ದೀಯಾ ಅಂದರೆ, ಅಯ್ಯೋ, ಅವರ ಹತ್ತಿರ ಹೇಗೆ ಹೇಳೋದು! ಜೊತೆಯಲ್ಲಿ ಕೂತು ಹೋಗುವವರು ಕೇಳಿ ಮರೆತರೂ ನಡೆಯುತ್ತದೆ, ಮನೆಯವರು ಕೇಳಿದ ಮೇಲೆ ಏನಾದರೂ ಬದಲಾಗಬೇಕಾಗುತ್ತದೆ. ನಮಗೆ ಹೆದರಿಕೆ ಇರುವುದು ಅದಕ್ಕೇ.

ಚೆಕೊವ್ ಕತೆ ಮುಗಿಸುವ ರೀತಿ ನೋಡಿ. ಮಳೆ ನಿಂತಿದೆ. ಕೇಳಿದ ಇಬ್ಬರು ಹೊರಗೆ ಬಂದು ಬಿಸಿಲಿನಲ್ಲಿ ತೋಟ, ಕೊಳ ನೋಡುತ್ತಾರೆ. ಅಲ್ಯೋಹಿನ್ ಬಗ್ಗೆ ಅಯ್ಯೋ ಅನ್ನಿಸುತ್ತದೆ. ಆಮೇಲೆ ಅವರ ಯೋಚನೆ ಅವಳ ಕಡೆಗೆ ಹೋಗುತ್ತದೆ, ಆ ಡಬ್ಬಿಯಲ್ಲಿ ಅವಳ ಮುಖ ಹೇಗೆ ಬಾಡಿರಬೇಕು ಅಂತ. ಇಬ್ಬರೂ ಅವಳನ್ನು ಪಟ್ಟಣದಲ್ಲಿ ನೋಡಿದವರೇ. ಕೊನೆಯ ವಾಕ್ಯ ಅವಳ ಬಗ್ಗೆ ಇದೆ. ಮಾಟುಂಗಾದ ಹಿರಿಯರು ನನ್ನನ್ನು ಕೇಳಿದ್ದೂ ಅದನ್ನೇ ಅಲ್ವಾ, ಗಾಡಿಯಲ್ಲಿ ಕೂತವಳು ಏನು ಯೋಚಿಸುತ್ತಿದ್ದಳು ಅಂತ.

ಅಮೆರಿಕದಲ್ಲಿ ಹುಟ್ಟಿದ ಇಂಗ್ಲಿಷ್ ಲೇಖಕ ಹೆನ್ರಿ ಜೇಮ್ಸ್ 1903ರಲ್ಲಿ ಪ್ರಕಟಿಸಿದ ಒಂದು ನೀಳ್ಗತೆ ಇದೆ, ಹೆಸರನ್ನು 'ಕಾಡಿನ ಮೃಗ' ಅನ್ನಬಹುದು. ಜಾನ್ ಮಾರ್ಚರ್ ಅನ್ನುವವನಿಗೆ ತನ್ನ ಬಾಳಿನಲ್ಲಿ ಏನೋ ಅಪರೂಪದ್ದು, ಭಯಂಕರವಾದದ್ದು ಆಗಲಿದೆ, ಅದು ಮೃಗದ ಹಾಗೆ ಹೊಂಚು ಹಾಕಿ ಕೂತಿದೆ ಅಂತ ನಂಬಿಕೆ. ಮೇ ಬಾರ್ಟ್ರಮ್ ಅನ್ನುವವಳು ಅವನ ಜೊತೆ ಅದಕ್ಕಾಗಿ ಕಾಯುತ್ತಾಳೆ. ಇಡೀ ಆಯಸ್ಸು ಕಾಯುತ್ತಾಳೆ. ಮುದುಕಿಯಾಗಿ ತೀರಿಕೊಳ್ಳುತ್ತಾಳೆ. ಅವಳ ಸಮಾಧಿಯ ಹತ್ತಿರ ಒಂದು ದಿನ ಬೇರೆ ಯಾವುದೋ ಸಮಾಧಿಯಿಂದ ಬರುತ್ತಿದ್ದ ಒಬ್ಬ ಗಂಡಸಿನ ಮುಖದಲ್ಲಿ ನಿಜವಾದ ದುಃಖ ನೋಡಿದಾಗ ಮಾರ್ಚರ್‌ಗೆ ಅರ್ಥವಾಗುತ್ತದೆ. ತನ್ನ ಬಾಳಿನಲ್ಲಿ ಏನೂ ಆಗಲೇ ಇಲ್ಲ, ಅದೇ ಆ ಮೃಗ. ಅವಳನ್ನು ಪ್ರೀತಿಸಿದ್ದರೆ ಅದರಿಂದ ತಪ್ಪಿಸಿಕೊಳ್ಳಬಹುದಿತ್ತು. ಮಾರ್ಚರ್ ದಿನವೂ ತನ್ನ ಬಗ್ಗೆಯೇ ಯೋಚಿಸುವವನು. ಆ ಲೆಕ್ಕದಲ್ಲಿ ಅವನಷ್ಟು ತನ್ನನ್ನು ಅರಿತವನು ಇನ್ನೊಬ್ಬನಿರಬಾರದು. ಆದರೆ ಪಕ್ಕದಲ್ಲಿ ಕೂತವಳ ಕಡೆ ತಿರುಗಿ, ನಿನಗೆ ಏನು ಬೇಕು ಅಂತ ಕೇಳಲಿಲ್ಲ. ನನಗೆ ಇದು ಓದಲು ಕಷ್ಟವಾದ ಕತೆ, ವಾಕ್ಯಗಳು ಸುತ್ತಿ ಸುತ್ತಿ ಹೋಗುತ್ತವೆ. ಮುಗಿಸಿದ ಮೇಲೆ ಎರಡು ದಿನ ಬೇರೇನೂ ಓದಲಾಗಲಿಲ್ಲ.

ಹಾಗೆ ಕೇಳಿದವನೂ ಒಬ್ಬನಿದ್ದಾನೆ. ಐರ್ಲೆಂಡಿನ ಲೇಖಕ ಜೇಮ್ಸ್ ಜಾಯ್ಸ್ ಅವರ 1914ರ 'ಡಬ್ಲಿನರ್ಸ್' ಸಂಕಲನದ ಕೊನೆಯ ಕತೆಯ ಗೇಬ್ರಿಯಲ್. ಹಬ್ಬದ ಊಟದಲ್ಲಿ ಭಾಷಣ ಮಾಡಿ, ಹೆಂಡತಿಯ ಜೊತೆ ಹೋಟೆಲ್ ರೂಮಿಗೆ ಬಂದಿದ್ದಾನೆ, ಮನಸ್ಸಿನಲ್ಲಿ ಆಸೆ ತುಂಬಿದೆ. ಅವಳು ಇನ್ನೆಲ್ಲೋ ಇದ್ದಾಳೆ. ಏನು ಯೋಚಿಸುತ್ತಿದ್ದೀ ಅಂತ ಕೇಳುತ್ತಾನೆ. 17ನೇ ವಯಸ್ಸಿಗೆ ಸತ್ತ ಒಬ್ಬ ಹುಡುಗನ ಹೆಸರು ಬರುತ್ತದೆ, ಕಾಯಿಲೆ ಇದ್ದರೂ ಅವಳಿಗಾಗಿ ಮಳೆಯಲ್ಲಿ ಬಂದು ನಿಂತವನು. ಗೇಬ್ರಿಯಲ್‌ಗೆ ಸಿಟ್ಟು ಬರುತ್ತದೆ, ನಾಚಿಕೆಯಾಗುತ್ತದೆ, ಆದರೂ ಪೂರ್ತಿ ಕೇಳುತ್ತಾನೆ. ಅವಳು ನಿದ್ದೆ ಹೋದ ಮೇಲೆ, ತಾನು ಯಾರನ್ನೂ ಹಾಗೆ ಪ್ರೀತಿಸಿಲ್ಲ ಅನ್ನುವುದು ಅವನಿಗೆ ತಿಳಿಯುತ್ತದೆ. ಅವನ ಬಗ್ಗೆ ಅವನಿಗೆ ತಿಳಿದದ್ದು ಅವಳ ಬಾಯಿಂದ.

ನಮ್ಮವರು ಇದಕ್ಕೆ ಒಂದು ಮಾತು ಹೇಳುತ್ತಾರೆ. ನಾವು ಬಾಯಿಂದ ಹೇಳುವವರಲ್ಲ, ಮಾಡಿ ತೋರಿಸುವವರು ಅಂತ. ಬಡಿಸುವ ತುಪ್ಪದಲ್ಲಿ ಪ್ರೀತಿ ಇದೆ ಅಂತ. ಇದೆ, ನಾನೂ ಅದೇ ತುಪ್ಪ ತಿಂದು ಬೆಳೆದವಳು. ಆದರೆ ಈ ಮಾತಿನ ಹಿಂದೆ ಅಡಗಿ ಕೂರುವುದೂ ಬಹಳ ಸುಲಭ. ಮುಂಬೈ ಕನ್ನಡಿಗರಿಗಂತೂ ಅಡಗಲು ಇನ್ನೊಂದು ಜಾಗ ಇತ್ತು, ದೂರ. ಯಶವಂತ ಚಿತ್ತಾಲರು ಬಾಂದ್ರಾದಲ್ಲಿ ಸಮುದ್ರದ ಹತ್ತಿರ ಕೂತು ತಮ್ಮ ಹುಟ್ಟೂರು ಹನೇಹಳ್ಳಿಯ ಬಗ್ಗೆ ಬರೆದರು, ಆ ದೂರದಿಂದ ದೊಡ್ಡ ಕತೆಗಳು ಹುಟ್ಟಿದವು. ನಮ್ಮ ಎಷ್ಟೋ ಮನೆಗಳಲ್ಲಿ ಆ ದೂರದಿಂದ ಹುಟ್ಟಿದ್ದು ಮನಿಯಾರ್ಡರ್ ಮತ್ತು ಇನ್‌ಲ್ಯಾಂಡ್ ಪತ್ರದ ನಾಲ್ಕು ಸಾಲು.

ನನ್ನ ಅಪ್ಪ ಮಾಟುಂಗಾದ ಒಂದು ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂರುತ್ತಿದ್ದರು. ಅಮ್ಮ ಕುಂದಾಪುರದ ಹತ್ತಿರ ಊರಿನಲ್ಲಿ. ಮದುವೆಯಾಗಿ 11 ವರ್ಷ ಹಾಗೇ. ಕೊಂಕಣ ರೈಲು ಪೂರ್ತಿಯಾಗಿ ಓಡಲು ಶುರುವಾದದ್ದು 1998ರಲ್ಲಿ, ನಾನು ಹೇಳುತ್ತಿರುವುದು ಅದಕ್ಕೂ ಎಷ್ಟೋ ಮೊದಲಿನ ಕಾಲ. ವರ್ಷಕ್ಕೊಂದು ಸಲ ಅಪ್ಪ ರಜೆಯಲ್ಲಿ ಬರುತ್ತಿದ್ದರು. ಹೊರಡುವ ದಿನ ಅಮ್ಮ ಗದ್ದೆಯ ಅಂಚಿನಲ್ಲಿ ರಸ್ತೆಯವರೆಗೆ ಬಂದು ನಿಲ್ಲುತ್ತಿದ್ದಳು. ಕುಂದಾಪುರಕ್ಕೆ ಹೋಗುವ ಬಸ್ಸು ಬರುವ ತನಕ ಅಪ್ಪ ಮಾತಾಡುತ್ತಿದ್ದರಂತೆ, ಹುಲ್ಲಿನ ಬಗ್ಗೆ, ಮಾಡಿನ ಹಂಚಿನ ಬಗ್ಗೆ, ತೆಂಗಿನಕಾಯಿ ಯಾರಿಗೆ ಕೊಡಬೇಕು ಅನ್ನುವುದರ ಬಗ್ಗೆ. ಒಂದು ವರ್ಷ ಬಸ್ಸು ಹೊರಟ ಮೇಲೆ ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿ ಏನೋ ಕೂಗಿದರು. ಇಂಜಿನ್ ಸದ್ದಿನಲ್ಲಿ ಅಮ್ಮನಿಗೆ ಕೇಳಲಿಲ್ಲ. ಒಂದು ವರ್ಷ ಕಾದಳು. ಮುಂದಿನ ರಜೆಯಲ್ಲಿ ಕೇಳಿದಳು, ಅವತ್ತು ಏನು ಹೇಳಿದಿರಿ ಅಂತ. "ಏನೂ ಇಲ್ಲ, ಹಟ್ಟಿ ಬಾಗಿಲು ಹಾಕು ಅಂದೆ" ಅಂದರಂತೆ.

ನನ್ನ ಹಳೆಯ ಕತೆಯನ್ನು ನಾನು ಈಗ ಮತ್ತೆ ಬರೆಯುತ್ತಿದ್ದೇನೆ, ಟೆಂಪೊದಲ್ಲಿ ಕೂತವಳ ಕಡೆಯಿಂದ. ಬಕೆಟ್ ಎತ್ತಿ ಒಳಗೆ ತೆಗೆದುಕೊಂಡು ಹೋದವಳು ಅವಳು. ಆ ನೀರನ್ನು ಯಾವುದಕ್ಕೆ ಬಳಸಿದಳು, ಖಾಲಿ ಬಕೆಟ್ ವಾಪಸ್ ಕೊಡುವಾಗ ಬೆಲ್ ಒತ್ತಿ ಎಷ್ಟು ಹೊತ್ತು ನಿಂತಳು, ಅಷ್ಟು ಬರೆದಿದ್ದೇನೆ. ಇನ್ನೂ ಮುಗಿದಿಲ್ಲ.

ಇಲ್ಲಿಗೆ ಸಭೆಯ ಮಾತು ಮುಗಿಯಿತು. ಆಮೇಲೆ ಐರೋಲಿಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗ ಎದ್ದು ನಿಂತು ಕೇಳಿದ: "ಮೇಡಂ, ಹಾಗಾದರೆ ಹೇಳಿಬಿಡಬೇಕಾ? ಅವಳು ಬೇಡ ಅಂದುಬಿಟ್ಟರೆ?" ಅವನ ಮುಖ ನೋಡಿದರೆ ಇದು ಕತೆಯ ಬಗ್ಗೆ ಕೇಳಿದ್ದಲ್ಲ ಅಂತ ಗೊತ್ತಾಗುತ್ತಿತ್ತು. ಬೇಡ ಅನ್ನಲಿ, ಅದು ಅವಳು ಹೇಳಬೇಕಾದ ಮಾತು, ಅವಳ ಪರವಾಗಿ ನೀವೇ ಅಂದುಕೊಂಡು ಸುಮ್ಮನಾಗಬೇಡಿ ಅಂದೆ. ಅವನು ತಲೆ ಆಡಿಸಿ ಕೂತ.

ರಾತ್ರಿ ಮನೆಗೆ ಬಂದೆ. ಅಮ್ಮ ಈಗ ನನ್ನ ಜೊತೆ ಇದ್ದಾಳೆ, 82 ವರ್ಷ. ಅಪ್ಪ ಹೋಗಿ ಒಂಬತ್ತು ವರ್ಷವಾಯಿತು. ನಿನ್ನ ಬಸ್ಸಿನ ಕತೆಯನ್ನು ಸಭೆಯಲ್ಲಿ ಹೇಳಿದೆ ಅಮ್ಮಾ ಅಂದೆ. ಜನ ಏನಂದರು ಅಂತ ಕೇಳಿದಳು. ಇಷ್ಟಪಟ್ಟರು, ಒಬ್ಬರಂತೂ, ಬಸ್ಸು ಹತ್ತಿದ ಮೇಲೂ ದನಗಳ ಚಿಂತೆ ಮಾಡಿದ್ದಾರಲ್ಲ, ಎಂಥ ಜವಾಬ್ದಾರಿಯ ಮನುಷ್ಯ ಅಂದರು, ಅಂತ ಹೇಳಿದೆ.

ಅಮ್ಮ ಕೈಯಲ್ಲಿದ್ದ ಲೋಟವನ್ನು ಸದ್ದಾಗುವ ಹಾಗೆ ಕೆಳಗಿಟ್ಟಳು.

"ಹಟ್ಟಿಗೆ ಬಾಗಿಲೇ ಇರ್ಲಿಲ್ಲ ಮಾರಾಯ್ತಿ" ಅಂದಳು. "ಎರಡು ಬಿದಿರು ಅಡ್ಡ ಹಾಕ್ತಿದ್ದದ್ದು ಅಷ್ಟೇ."